ಠ ಅಕ್ಷರದ ಚುಕ್ಕಿ

ನನ್ನ ಟೈಪ್‌ರೈಟರಿನಲ್ಲಿ ಠ ಸವೆದಿದೆ.
ಹೊಟ್ಟೆಯ ಚುಕ್ಕಿ ಬೀಳುವುದಿಲ್ಲ,
ಠಾಣೆ ಎಂದು ಒತ್ತಿದರೆ ರಾಣೆ ಎಂದು ಮೂಡುತ್ತದೆ.
ಹಾಗಾಗಿ ಪ್ರತಿ ಅರ್ಜಿಯ ಕೊನೆಗೂ
ನೀಲಿ ಪೆನ್ನು ತೆಗೆದು ಚುಕ್ಕಿ ಇಡುತ್ತೇನೆ,
ಕೂಸಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.

ಚಳ್ಳಕೆರೆಯಿಂದ ಇಪ್ಪತ್ತೆರಡು ಕಿಲೋಮೀಟರು,
ಬೆಳಗಲ್ಲಹಟ್ಟಿ ಕ್ರಾಸು.
ದನದ ದೊಡ್ಡಿಯಾಗಿದ್ದ ಕೋಣೆಗೆ ಸುಣ್ಣ ಬಳಿದು
ಹೊರಠಾಣೆ ಎಂದು ಬೋರ್ಡು ಹಾಕಿದ್ದರು.
ಇಬ್ಬರು ಪೇದೆ, ಒಂದು ಮಣ್ಣಿನ ಹೂಜಿ,
ಸದಾ ಗೊರಗುಟ್ಟುವ ವೈರ್‌ಲೆಸ್ಸು,
ಬಾಗಿಲ ಮೇಲೊಂದು ಬಲ್ಬು.
ಎದುರಿನ ಬೇವಿನ ಕೆಳಗೆ ನಾನು, ನನ್ನ ಮಿಷಿನ್ನು, ನನ್ನ ಗೂಡು.
ಕುರಿ ಕಳೆದವರು, ಬದು ಒತ್ತಿದವರು,
ಹೊಡೆದವರು, ಹೊಡೆಸಿಕೊಂಡವರು
ಮೊದಲು ನನ್ನ ಹತ್ತಿರ ಬಂದು
ಆಮೇಲೆ ರಸ್ತೆ ದಾಟುತ್ತಿದ್ದರು.

ಆಷಾಢದಲ್ಲಿ ಸುದ್ದಿ ಬಂತು:
ಹೊರಠಾಣೆ ಎತ್ತುತ್ತಾರಂತೆ, ಚಳ್ಳಕೆರೆಗೆ ಸೇರಿಸುತ್ತಾರಂತೆ,
ಒಂದು ಒಂದು ಎರಡು ಒತ್ತಿದರೆ ಗಾಡಿ ಬರುತ್ತದಂತೆ.
"ಬರ್ತದೆ, ಬಂದೇ ಬರ್ತದೆ," ಅಂದ ಕುರಿಯ ಬೋಸಯ್ಯ,
"ಅಷ್ಟೊತ್ತಿಗೆ ಕುರಿ ಬಳ್ಳಾರೀಲಿ ಸಾರಾಗಿರ್ತದೆ."

ಪಾಪಕ್ಕ ಬಂದಳು, ಶೇಂಗಾ ಮಿಲ್ಲಿನ ಹೊಟ್ಟು ಇನ್ನೂ ಸೆರಗಿನಲ್ಲಿ.
"ರಾತ್ರಿ ಪಾಳಿ ಮುಗಿಸಿ ಬರೋ ಏಳು ಹೆಣ್ಮಕ್ಕಳು ನಾವು.
ಪೇದೆ ಮಲಗಿರ್ಲಿ, ಗೊರಕೆನೇ ಹೊಡೀಲಿ,
ಆ ಗೊರಕೆ ಕೇಳಿದ್ರೆ ಸಾಕು ನಮಗೆ.
ಠಾಣೆ ಇರ್ಬೇಕು ಅಂತ ಬರಿ."
ಬರೆದೆ. ಮಾನ್ಯರೇ, ವಿಷಯ, ಉಲ್ಲೇಖ.
ಹನ್ನೊಂದು ಚುಕ್ಕಿ. ಐವತ್ತು ರೂಪಾಯಿ.

ಸಂಜೆ ಓಬಳೇಶ ಬಂದ, ಮಗನನ್ನು ಕರೆದುಕೊಂಡು.
ಕೂರು ಅಂದರೂ ಹುಡುಗ ಕೂರಲಿಲ್ಲ.
ಹೋದ ವರ್ಷ ಅಂಗಡಿಯವನ ಮೊಬೈಲು ಕಳೆದಾಗ
ಆ ಕೋಣೆಯಲ್ಲಿ ಎರಡು ರಾತ್ರಿ ಇಟ್ಟಿದ್ದರು ಅವನನ್ನು.
ಮೂರನೇ ದಿನ ಮೊಬೈಲು
ಅಂಗಡಿಯವನದೇ ಬೂಸದ ಚೀಲದಲ್ಲಿ ಸಿಕ್ಕಿತು.
ತಪ್ಪಾಯ್ತು ಅನ್ನಲಿಲ್ಲ ಯಾರೂ. ಟೀ ಕುಡಿಸಿ ಕಳಿಸಿದರು.
"ಎತ್ತಲಿ ಅಂತ ಬರಿ," ಅಂದ ಓಬಳೇಶ, "ನಾಳೆಗೇ ಎತ್ತಲಿ."
ಬರೆದೆ. ಮಾನ್ಯರೇ, ವಿಷಯ, ಉಲ್ಲೇಖ.
ಒಂಬತ್ತು ಚುಕ್ಕಿ. ದುಡ್ಡು ಬೇಡ ಅಂದೆ;
ಮಿಷಿನ್ನಿನ ಮೇಲಿಟ್ಟು ಹೋದ.

ಸಮುದಾಯ ಭವನದಲ್ಲಿ ಸಭೆ.
ಡಿವೈಎಸ್‌ಪಿ ಸಾಹೇಬರು ಎರಡೂ ಅರ್ಜಿ ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದರು.
"ಎರಡೂ ಒಂದೇ ಕೈ. ಈ ನೀಲಿ ಚುಕ್ಕಿ ಯಾರದು?"
ಜನ ನಕ್ಕರು. ಎದ್ದು ನಿಂತೆ.
"ಇದರಲ್ಲಿ ಯಾವುದು ಸುಳ್ಳು?"
"ಎರಡೂ ನಿಜ ಸ್ವಾಮಿ."
"ಹಂಗಾದ್ರೆ ನಿಮಗೇನು ಬೇಕು?"
ನಲವತ್ತು ವರ್ಷ ಎಲ್ಲರಿಗೆ ಬೇಕಾದ್ದನ್ನು ಬರೆದವನು
ಬಾಯಿ ತೆರೆದೆ.
ಫ್ಯಾನು ತಿರುಗುತ್ತಿತ್ತು.
ಕೂತುಕೊಂಡೆ.

ದಸರಾ ಕಳೆದು ಬೀಗ ಬಿತ್ತು.
ಬೀಗದ ಕೈ ಚಳ್ಳಕೆರೆಯ ಯಾವ ಡ್ರಾಯರಿನಲ್ಲಿದೆಯೋ.
ಸ್ವಿಚ್ಚು ಒಳಗೆ. ಆರಿಸುವುದನ್ನು ಮರೆತಿದ್ದಾರೆ.
ಬಲ್ಬು ಹಗಲೂ ಉರಿಯುತ್ತದೆ, ರಾತ್ರಿಯೂ ಉರಿಯುತ್ತದೆ,
ಬಿಲ್ಲು ಯಾರು ಕಟ್ಟಬೇಕೆಂದು ಪಂಚಾಯ್ತಿಯಲ್ಲಿ ಜಗಳ.
ಆ ಅರ್ಜಿಯನ್ನೂ ನಾನೇ ಬರೆದೆ.

ರಾತ್ರಿ ಹನ್ನೊಂದಕ್ಕೆ ಏಳು ಹೆಂಗಸರು
ಆ ಬೆಳಕನ್ನು ಹಾಯುವಾಗ ಮಾತು ಜೋರು ಮಾಡುತ್ತಾರೆ.
ಓಬಳೇಶನ ಮಗ ಮಾತ್ರ
ಬೆಳಕಿನ ಅಂಚು ಬಂದಕೂಡಲೇ ರಸ್ತೆ ದಾಟಿ
ನನ್ನ ಬೇವಿನ ಕತ್ತಲೆಗೆ ಬರುತ್ತಾನೆ,
ಚಪ್ಪಲಿ ಸದ್ದಾಗದ ಹಾಗೆ.
"ಒಳಗೆ ಯಾರೂ ಇಲ್ಲ ಕಣೋ," ಅಂದೆ ಒಮ್ಮೆ.
"ಗೊತ್ತು," ಅಂದ.