ಹತ್ತಿರದ ಐದಕ್ಕೆ

ಸ್ಟಾಕ್‌ಟನ್ನಿನಲ್ಲಿ, ರೈಲು ಸೇತುವೆಯ ಕೆಳಗೆ
ಡೋರೀನ್ ಗಾರ್ಬಟ್ಟಳ ಗೋದಾಮು.
ಮುಚ್ಚಿದವರ ಅಡುಗೆಮನೆ ಕೊಳ್ಳುತ್ತಾಳೆ,
ತೆರೆಯುವವರಿಗೆ ಮಾರುತ್ತಾಳೆ.
ನಡುವಿನ ಜಿಡ್ಡು ತೆಗೆಯುವುದು ನನ್ನ ಕೆಲಸ.

ಬೆಳಿಗ್ಗೆ ಎಂಟಕ್ಕೆ ಬಿಸಿನೀರು, ಸೋಡಾ, ಉಕ್ಕಿನ ನಾರು.
ಒಬ್ಬೊಬ್ಬರ ಜಿಡ್ಡಿಗೂ ಒಂದೊಂದು ಬಣ್ಣ:
ಮೀನು ಕರಿದವರದು ಹಳೆಯ ಜೇನು,
ಕಬಾಬಿನವರದು ಕಾಡಿಗೆ,
ಹಾರ್ಟಲ್‌ಪೂಲಿನ ಆ ಸಸ್ಯಾಹಾರಿ ಕೆಫೆಯದು
ಏನೂ ಇರಲಿಲ್ಲ, ಪಾಪ. ಬಾಣಲೆ
ಕೊಂಡ ದಿನದ ಹಾಗೇ ಮುಖ ತೋರಿಸಿತು.

ಎರಡು ತೊಟ್ಟಿಯ ಫ್ರೈಯರ್ ಒಂದಿದೆ.
ನಾಲ್ಕು ಸಲ ಹೋಗಿದೆ, ನಾಲ್ಕು ಸಲ ತವರಿಗೆ ಬಂದಿದೆ.
ಬೆನ್ನಿನ ತಗಡಿನ ಮೇಲೆ ಡೋರೀನ್
ಸೀಮೆಸುಣ್ಣದಲ್ಲಿ ಬರೆದಿಡುತ್ತಾಳೆ:
ರೆಡ್‌ಕಾರ್, ಹದಿನಾಲ್ಕು ತಿಂಗಳು.
ಬಿಲ್ಲಿಂಗಮ್, ಒಂಬತ್ತು.
ಥಾರ್ನಬಿ, ಎರಡು ವರ್ಷ, ಒಳ್ಳೆಯ ಹುಡುಗ, ಬಾಡಿಗೆ ಏರಿತು.
ಮತ್ತೆ ರೆಡ್‌ಕಾರ್, ಆರು ವಾರ.
ನಾನು ಎಲ್ಲವನ್ನೂ ತೊಳೆಯುತ್ತೇನೆ,
ಆ ಬೆನ್ನೊಂದನ್ನು ಬಿಟ್ಟು.

ನವೆಂಬರಿನಲ್ಲಿ ಕೌನ್ಸಿಲ್ಲಿನ ಹುಡುಗ ಡೆಕ್ಲನ್ ಬರುತ್ತಾನೆ,
ಪ್ರದೇಶವಾರು ಕೋಷ್ಟಕ ಕಂಕುಳಲ್ಲಿ, ಚಹಾ ನೆಪದಲ್ಲಿ.
ಅದರಲ್ಲಿ ಉದ್ಯಮಗಳಿಗೆ ಎರಡೇ ಕಾಲಂ: ಜನನ, ಮರಣ.
ನಾವು ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ.
ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ.
ಅಂಗಡಿಗೆ ಏನನ್ನಬೇಕೋ
ಯಾರೂ ಹೇಳಿಕೊಟ್ಟಿರಲಿಲ್ಲ.

ಲಂಡನ್ನಿನ ಸಾಲು ಜಾತ್ರೆಯಿಲ್ಲದ ಗದ್ದಲ:
ಹುಟ್ಟೂ ಜಾಸ್ತಿ, ಸಾವೂ ಜಾಸ್ತಿ.
ನಮ್ಮ ಈಶಾನ್ಯದ್ದು ಕೊನೆಯ ಸಾಲು.
ಇಲ್ಲಿ ಕಡಿಮೆ ಹುಟ್ಟುತ್ತವೆ,
ಹಾಗಾಗಿ ಕಡಿಮೆ ಸಾಯುತ್ತವೆ,
ಅದಕ್ಕೆ ಸ್ಥಿರತೆ ಎಂದು ಹೆಸರಿಟ್ಟಿದ್ದಾರೆ.

ಈ ವರ್ಷ ಏರಿದೆ, ಎಂದ ಡೆಕ್ಲನ್.
ಹೇಗಪ್ಪಾ ಎಂದರೆ
ತಲೆ ಕೆರೆದುಕೊಂಡ: ಒಂದು ಬೀದಿ, ಒಂದು ಬಾಗಿಲು,
ಆ ಒಂದೇ ವಿಳಾಸಕ್ಕೆ ನಾನೂರ ಹನ್ನೆರಡು ಕಂಪನಿ.
ಒಂದರ ಹೆಸರಲ್ಲೂ ಒಂದು ಚಮಚವಿಲ್ಲ.
ಡೋರೀನ್ ಬಿಸ್ಕತ್ತು ಮುರಿದಳು:
"ಅವರು ಮುಚ್ಚಿದಾಗ ನಾನು ಕೊಳ್ಳಲಿ ಏನನ್ನು,
ಅಂಚೆ ಡಬ್ಬಿಯನ್ನೇ?"

ಕೋಷ್ಟಕದ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ:
ಎಲ್ಲ ಸಂಖ್ಯೆಗಳನ್ನೂ ಹತ್ತಿರದ ಐದಕ್ಕೆ ಸರಿಹೊಂದಿಸಲಾಗಿದೆ.
ಎಂಬತ್ತೆರಡು ಮುಚ್ಚಿದರೆ ಎಂಬತ್ತು.
ಎರಡು ಬದುಕಿಕೊಂಡವು.
ಎಂಬತ್ತಮೂರಾದರೆ ಎಂಬತ್ತೈದು.
ಬಾಗಿಲೇ ತೆರೆಯದ ಎರಡು ಸತ್ತವು.

ನನ್ನದೂ ಒಂದಿತ್ತು, ಮಿಡಲ್ಸ್‌ಬರೋದಲ್ಲಿ,
ಬಸ್ ನಿಲ್ದಾಣದ ಹಿಂದೆ. ಹೆಸರು 'ಬೋಣಿ'.
ಇಲ್ಲಿಯವರು ಅದನ್ನು ಬಾನಿ ಎಂದು ಓದಿದರು,
ಅವರ ಮಾತಿನಲ್ಲಿ ಚೆಲುವೆ ಎಂದು.
ನಾನು ತಿದ್ದಲಿಲ್ಲ. ಯಾರು ತಿದ್ದುತ್ತಾರೆ?
ಮೊದಲ ದಿನದ ಮೊದಲ ಗಿರಾಕಿ
ಉಕ್ಕಿನ ಕುಲುಮೆಯ ನಿವೃತ್ತ, ಎರಡು ಸೆಟ್ ದೋಸೆ,
ನಾಲ್ಕು ಪೌಂಡು ಅರವತ್ತು.
ಐದರ ನೋಟು ಕೊಟ್ಟ, ಚಿಲ್ಲರೆ ಬೇಡವೆಂದ.
ಆ ನೋಟು ಕಾವಲಿಯ ಮೇಲಿನ ಗೋಡೆಗೆ ಅಂಟಿಸಿದ್ದೆ,
ಕೊನೆಯ ತಿಂಗಳ ಗ್ಯಾಸಿಗೆ ಕಿತ್ತೆ.

ಆ ವರ್ಷದ ಕೋಷ್ಟಕದಲ್ಲಿ ನಾನು
ಎಂಬತ್ತರೊಳಗೆ ಇದ್ದೆನೋ,
ಬದುಕಿಕೊಂಡ ಆ ಇಬ್ಬರಲ್ಲಿ ಒಬ್ಬಳೋ?
ಡೆಕ್ಲನ್ನನ ಕಿವಿ ಕೆಂಪಾಯಿತು.
ಕೇಳಬಾರದಿತ್ತು. ಅವನು ತಂದ ಶಾರ್ಟ್‌ಬ್ರೆಡ್ಡು
ಇನ್ನೂ ಬಾಯಲ್ಲಿತ್ತು.

ಶನಿವಾರ ಒಬ್ಬಳು ಬಂದಳು, ತ್ಸೆಗೆರೆಡಾ,
ಗಳಿಗೆಗೊಮ್ಮೆ ಅಳತೆ ಪಟ್ಟಿ ಎಳೆದು ಬಿಡುತ್ತಾ.
ಎಲ್ಲ ದಾಟಿ ನನ್ನ ಕಾವಲಿಯ ಮುಂದೆ ನಿಂತಳು.
ಅಂಗೈ ಇಟ್ಟಳು, ತಣ್ಣಗಿದ್ದರೂ.
"ಇದರ ಕಾಲ್ಗುಣ ಹೇಗೆ?" ಎಂಬರ್ಥದ್ದೇನೋ ಕೇಳಿದಳು.
ಮೂರು ವರ್ಷ ಎರಡು ತಿಂಗಳು, ಎಂದೆ.
ಅವಳ ಲೆಕ್ಕದಲ್ಲಿ ಅದು ಬಹಳವಂತೆ.

ಡೋರೀನ್ ಮುನ್ನೂರ ನಲವತ್ತು ಎಂದಳು,
ಅವಳು ಇನ್ನೂರ ತೊಂಬತ್ತು,
ನಡುವೆ ಎಲ್ಲೋ ಕೈ ಕುಲುಕಿದರು.
ವ್ಯಾನಿಗೆ ಏರಿಸುವ ಮೊದಲು ಸೀಮೆಸುಣ್ಣ ತಗೊಂಡು
ಬೆನ್ನಿಗೆ ಬರೆದೆ, ನನ್ನ ಅಂಕಿಯಲ್ಲಿ: ೩ ವರ್ಷ ೨ ತಿಂಗಳು.
ಸರಿಹೊಂದಿಸಲಿಲ್ಲ.

ಬಾಗಿಲು ಹಾಕುವಾಗ ತ್ಸೆಗೆರೆಡಾ ಕೇಳಿದಳು,
ಎಣ್ಣೆ ಡಬ್ಬ ಎಲ್ಲಿ ಅಗ್ಗ?
ಹೇಳಿದೆ. ಯಾವ ವಾರ ಇನ್ನೂ ಅಗ್ಗ ಎಂಬುದನ್ನೂ.