ಅಲ್ಪಪ್ರಾಣ

ಒಂಬತ್ತನೆಯ ಬಿ ತರಗತಿಯ ಯದುನಂದ ಮಣಿಯಾಣಿ
ಶುಕ್ರವಾರ ಸಂಜೆ ಪೆನ್‌ಡ್ರೈವ್ ಕೊಟ್ಟು ಹೇಳಿದ:
ಟೀಚರೇ, ಕನ್ನಡ ಮಾತ್ರ ನೋಡಿದರೆ ಸಾಕು,
ಆಟ ಆಡಬೇಕೆಂದಿಲ್ಲ.

ಯಾವುದೋ ದೂರದೇಶದ ದೊಡ್ಡ ಆಟ.
ಅದರ ಎಲುಬು ಮಾತ್ರ ಇಟ್ಟುಕೊಂಡು
ಮಾಂಸವೆಲ್ಲ ಮುಳ್ಳೇರಿಯದ್ದು ತುಂಬಿದ್ದಾನೆ.
ಗುಹೆ ಇದ್ದಲ್ಲಿ ಸುರಂಗ, ಮುರಕಲ್ಲು ಕೊರೆದದ್ದು,
ತುದಿಯಲ್ಲಿ ನೀರು ತೊಟ್ಟಿಕ್ಕುವ ಸದ್ದು ಸಮೇತ.
ಚೆಂಡು ಇದ್ದಲ್ಲಿ ಗೆರಟೆ.
ಮೂರು ಸಲ ಅಲ್ಲಾಡಿ ನಿಂತರೆ ಪ್ರಾಣಿ ನಿನ್ನದು,
ನಡುವೆ ಬಾಯಿ ಬಿಟ್ಟಿತೋ, ಕಾಡಿನದು.

ಕೆಂಪು ಪೆನ್ನು, ಒಂದು ಹಾಳೆ, ಕಟ್ಟಂಚಾಯ.
ಯುದ್ದ. ಬೂತ. ಗೆರಟೆ ಕಾಲಿ. ಹೆಗ್ಗನ ಓಡಿತು.
ಇವನ ಊರಿನಲ್ಲಿ ಮಹಾಪ್ರಾಣಗಳೆಲ್ಲ
ಪ್ರಾಣ ಬಿಟ್ಟಿವೆ.
ಮನೆಯಲ್ಲಿ ಮಲಯಾಳ, ಮೈದಾನದಲ್ಲಿ ತುಳು,
ನನ್ನ ಹತ್ತಿರ ವಾರಕ್ಕೆ ಆರು ಪೀರಿಯಡ್ ಕನ್ನಡ;
ಬ-ದ ಹೊಟ್ಟೆ ಸೀಳಿ ಭ ಮಾಡಲು
ಅವನಿಗೆ ಪುರುಸೊತ್ತೆಲ್ಲಿ?

ಹಾಳೆಯಲ್ಲಿ ಹದಿನೇಳು ತಪ್ಪು ಕೂತಾಗ ರಾತ್ರಿ ಹತ್ತು.
ಹನ್ನೊಂದಕ್ಕೆ ನನ್ನಲ್ಲಿ ಐದು ಪ್ರಾಣಿಗಳಿದ್ದವು:
ಪುನುಗು, ಒಂದು ಮಂಗಟ್ಟೆ, ಕರೆಂಟು ಹೊಡೆಯುವ ಮಿಂಚುಹುಳ,
ಪಯಸ್ವಿನಿಯ ಮರಳಿನಡಿ ಮೂಗು ಮಾತ್ರ ತೋರುವ ಆಮೆ,
ಮತ್ತೆ, ಯಾರಿಗೂ ಬೇಡದ ಒಂದು ಹೆಗ್ಗಣ.
ದಿನಗೂಲಿ ಟೀಚರಿಗೆ ಹೆಗ್ಗಣದ ಮೇಲೆ ಒಂದು ಮಮತೆ.
ರ‍್ಯಾಂಕ್ ಪಟ್ಟಿಯಲ್ಲಿ ನಾನು ಹನ್ನೊಂದನೆಯವಳು,
ಕರೆ ಬಂದದ್ದು ಎಂಟರ ತನಕ.
ಇದಾದರೂ ಮೇಲೇರಲಿ.

ಆಮೇಲೆ ಜಾಲ್ಸೂರು ದಾರಿ.
ಗಡಿಯಲ್ಲಿ, ರಸ್ತೆಗೆ ಅಡ್ಡ, ಕೆಂಪು ಮಣ್ಣಿನ ರಾಶಿ.
ಈ ಮಣ್ಣು ನನಗೆ ಗೊತ್ತು.
ಊರೆಲ್ಲ ಬಾಗಿಲು ಹಾಕಿಕೊಂಡ ಆ ವರ್ಷ
ಮೊಬೈಲಿನಲ್ಲಿ ಅದನ್ನು ನೋಡಿ ನೋಡಿ ಮಲಗಿದವರು ನಾವು;
ಇವನಿಗಾಗ ಒಂಬತ್ತೋ ಹತ್ತೋ.
ರಾಶಿಯ ಈಚೆ ಒಬ್ಬಳು ಅಜ್ಜಿ ಕೂತಿದ್ದಾಳೆ,
ಹತ್ತಿಪ್ಪತ್ತು ಚೌಕದಲ್ಲಿ ಬಿಡಿಸಿದ ಬಿಳಿ ಮುಂಡು.
ಒತ್ತಿದರೆ ಒಂದೇ ಮಾತು:
ದಾರಿ ಬಿಟ್ಟರೆ ಹೋಗಬಹುದಿತ್ತು.
ಮತ್ತೆ ಒತ್ತಿದೆ.
ದಾರಿ ಬಿಟ್ಟರೆ ಹೋಗಬಹುದಿತ್ತು.
ತಿದ್ದಲು ಏನೂ ಇರಲಿಲ್ಲ.

ಸುರಂಗಕ್ಕೆ ಹಿಂತಿರುಗಿ
ಬಾವಲಿಗಳ ಜೊತೆ ಹೆಗ್ಗಣವನ್ನು ಹೊಡೆದಾಡಿಸಿದೆ.
ಸೋಲುವುದು, ಏಳುವುದು, ಸೋಲುವುದು.
ಚಾಯ ಆರಿ ಕೆನೆಗಟ್ಟದೆ ಹಾಗೇ ಕಪ್ಪಗಿತ್ತು.
ಎರಡೂವರೆಗೆ, ಮೂವತ್ತನೆಯ ಹಂತದಲ್ಲಿ,
ಅದು ಅಗೆತ ಕಲಿಯಿತು.

ಮಣ್ಣು ಜರಿಯಿತು. ಆಚೆ ಹತ್ತು ಹೆಜ್ಜೆ ರಸ್ತೆ,
ಆಮೇಲೆ ಬರೇ ಬೂದು ಚೌಕಗಳು. ಮರವಿಲ್ಲ, ಬೇಲಿಯಿಲ್ಲ.
ನಡುವೆ, ಗೋಡೆಯಿಲ್ಲದೆ, ಮಾಡಿಲ್ಲದೆ, ಒಬ್ಬಳು ನರ್ಸ್:
ನಿಮ್ಮ ಪ್ರಾನಿಗಳಿಗೆ ಪ್ರಾನ ಬಂತು. ಹೋಗಿ ಬನ್ನಿ.

ಅಜ್ಜಿಯ ಹತ್ತಿರ ಓಡಿದೆ. ದಾರಿ ಬಿಟ್ಟಿದ್ದಾರೆ, ಅಜ್ಜೀ.
ದಾರಿ ಬಿಟ್ಟರೆ ಹೋಗಬಹುದಿತ್ತು.
ಬೇರೇನೂ ತೋಚದೆ ಗೆರಟೆ ಎಸೆದೆ.
ಆಟ ಹೇಳಿತು: ಇವರು ಪ್ರಾಣಿಯಲ್ಲ.
ಇಡೀ ಆಟದಲ್ಲಿ
ಅಲ್ಲೊಂದೇ ಕಡೆ ಣ ಸರಿಯಿತ್ತು.

ಸೋಮವಾರ ಹಾಳೆಯನ್ನು ನೋಡದೆ ಮಡಚಿ ಕಿಸೆಗೆ ಹಾಕಿಕೊಂಡ.
ಮಣ್ಣಿನವರೆಗೆ ಆಡಿದಿರಾ ಟೀಚರೇ? ಅಲ್ಲಿಗೇ ಮುಗಿಯುತ್ತದೆ.
ಹೆಗ್ಗಣ ಅಗೆಯಿತಲ್ಲ, ಎಂದೆ.
ಅದನ್ನು ನಾನು ಬರೆದೇ ಇಲ್ಲ.
ಹಳೇ ಆಟದ್ದು ಒಳಗೆ ಉಳಿದಿರಬೇಕು.
ಉಗುರು ಕಚ್ಚಿದ. ಬೆಲ್ಲು ಹೊಡೆಯಿತು.
ಹುಡುಗರೆಲ್ಲ ಒಳಗೆ ನುಗ್ಗಿದರು, ಇವನು ನಿಂತೇ ಇದ್ದ.
ಆಚೆ ನರ್ಸ್ ಇದ್ದರಾ?
ಇದ್ದರು.
ಅಲ್ಲ, ಮೊದಲು ಇಟ್ಟಿದ್ದೆ. ಆಮೇಲೆ ತೆಗೆದೆ ಅಂತ ನೆನಪು.
ಇದ್ದಾರೆ ಮಾರಾಯ.
ಒಂದು ಮಾಡು ಹಾಕು,
ಬಿಸಿಲಲ್ಲಿ ನಿಂತಿದ್ದಾರೆ.