ಕಾಯುವ ಕುರ್ಚಿಗಳು

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ, ಮುಚ್ಚಿದ ಐಸ್ ಕಾರ್ಖಾನೆಗೆ ಎದುರು,
ಅಂಚೆಕಚೇರಿಯ ಮೇಲಿನ ಮಹಡಿ.
ಬಾಗಿಲ ಮೇಲೆ ಫಲಕ: ವೃತ್ತಿ ಮಾರ್ಗದರ್ಶನ.
ನಾನು ಬಂದ ಹದಿನೇಳು ವರ್ಷಗಳಲ್ಲಿ
ನಾಲ್ಕು ಸಲ ಹೆಸರು ಬದಲಾಗಿದೆ,
ಮೊಳೆಗಳು ಮಾತ್ರ ಅವೇ.

ಹೊಸ ನೀತಿ ಮಂಗಳವಾರ ಬಂತು. ಎಂಬತ್ತೆರಡು ಪುಟ.
ಅದರ ಪ್ರಕಾರ ಲೋಕದಲ್ಲಿ ಜನ ಮೂರು ಬಗೆ:
ಕೆಲಸವಿಲ್ಲದ ಎಳೆಯರು, ಕಾಲೇಜಿನವರು, ವಯಸ್ಕರು.
ಮೊದಲಿನವರಿಗೆ ನಲವತ್ತು ನಿಮಿಷ,
ಎರಡನೆಯವರಿಗೆ ಇಪ್ಪತ್ತು,
ಮೂರನೆಯವರಿಗೆ ಒಂದು ಫೋನ್ ನಂಬರು.

ರೀಸ್ ಸ್ಟೆಂಟನ್, ಹತ್ತೊಂಬತ್ತು.
ಕಂಪ್ಯೂಟರು ಅವನನ್ನು ಎಪ್ಪತ್ತೆರಡು ಪ್ರಶ್ನೆ ಕೇಳುತ್ತದೆ.
ಗುಂಪಿನಲ್ಲಿ ದುಡಿಯುವುದು ಇಷ್ಟವೇ? ಗೊತ್ತಿಲ್ಲ.
ಬಯಲಿನಲ್ಲಿ? ಗೊತ್ತಿಲ್ಲ.
ಪ್ರಾಣಿಗಳೊಂದಿಗೆ?
ಬೆರಳು ನಿಂತಿತು. 'ನಮ್ಮ ನಾಯಿ ಸತ್ತುಹೋಯ್ತು' ಅಂದ.
ಅದಕ್ಕೆ ಒತ್ತಲು ಗುಂಡಿಯಿರಲಿಲ್ಲ.

ಯಂತ್ರ ತುಸು ಯೋಚಿಸಿ ಹೇಳಿತು:
ದೀಪಸ್ತಂಭದ ಕಾವಲುಗಾರ.
ದೀಪಗಳೀಗ ತಾವೇ ಹೊತ್ತಿ ತಾವೇ ಆರುತ್ತವೆ,
ಅದು ನನಗೂ ಗೊತ್ತು, ಅವನಿಗೂ ಗೊತ್ತು.
ನಲವತ್ತರಲ್ಲಿ ಆರು ನಿಮಿಷ
ನಾವು ಬರೀ ನಕ್ಕೆವು.

ಆಮೇಲೆ ಕೇಳಿದ:
'ನಿಮಗ್ಯಾರು ಹೇಳಿದ್ದು, ಈ ಕೆಲಸ ಮಾಡು ಅಂತ?'

ಜನವರಿ. ಕ್ಲೀಥಾರ್ಪ್ಸ್ ಬಸ್ಸು ತಪ್ಪಿತ್ತು.
ಬೆಚ್ಚಗಿರಲೆಂದು ಒಳಗೆ ಬಂದಿದ್ದೆ.
ಮೇಜಿನ ಹಿಂದಿದ್ದ ಹೆಂಗಸು ನಾನು ಕೆಲಸ ಕೇಳಲು ಬಂದವಳೆಂದುಕೊಂಡು
ಫಾರಂ ಕೊಟ್ಟಳು,
ಇಲ್ಲ ಅನ್ನಲಾರದೆ ತುಂಬಿದೆ.

'ಮೊದಲಿಂದ ಆಸಕ್ತಿಯಿತ್ತು' ಅಂದೆ ರೀಸ್‌ಗೆ.

ಹೊರಗೆ ಹಜಾರದಲ್ಲಿ ಐದು ಕುರ್ಚಿ, ಕಿತ್ತಳೆ ಬಣ್ಣದವು.
ಒಂದರ ಕಾಲು ಗಿಡ್ಡ. ಅಡಿಗೆ ಮಡಿಸಿಟ್ಟ ಕರಪತ್ರ:
ನಿಮ್ಮ ನಾಳೆಯನ್ನು ನೀವೇ ಕಟ್ಟಿ.
ಅದರ ಮೇಲೆ ದಿನವೂ ಕೂರುವವರು ಟೆರೆನ್ಸ್ ಹಿಲ್ಡ್ರೆಡ್,
ಐವತ್ತೆಂಟು, ಮೂವತ್ತೊಂಬತ್ತು ವರ್ಷ ಮೀನು ಸೀಳಿದ ಕೈ.
ನಂಬರು ಅವರ ಜೇಬಿನಲ್ಲೇ ಇದೆ.
ಫೋನು ಮಾಡಿದರೆ ಪಿಟೀಲು ಕೇಳಿಸುತ್ತದಂತೆ, ಅರ್ಧ ಗಂಟೆ.
'ಬೇರೆಡೆ ಒಯ್ಯಬಲ್ಲ ಕೌಶಲಗಳು' ಎಂಬ ಖಾಲಿ ಗೆರೆಯಲ್ಲಿ
ಅವರು ಬರೆದದ್ದು ಒಂದೇ ಪದ: ಹ್ಯಾಡಕ್.

ಗುರುವಾರ ನಾನು ಒಳಗೆ ಮೇಲಧಿಕಾರಿಯ ಕರೆಯಲ್ಲಿ ಸಿಕ್ಕಿಬಿದ್ದಿದ್ದೆ.
ಗಾಜಿನಾಚೆ ಮೂರು ಬಗೆಯ ಜನವೂ ಸಾಲಾಗಿ ಕೂತಿದ್ದರು,
ನೀತಿಯ ಮುಖಪುಟದಲ್ಲಿದ್ದಂತೆಯೇ,
ಆದರೆ ಯಾರೂ ನಗುತ್ತಿರಲಿಲ್ಲ.
ಟೆರೆನ್ಸ್ ಹುಡುಗನ ಮಣಿಕಟ್ಟು ಹಿಡಿದು
ಪೆನ್ನನ್ನೇ ಚಾಕು ಮಾಡಿ, ಮಡಿಸಿದ ಪತ್ರಿಕೆಯನ್ನು ಮೀನು ಮಾಡಿ,
ಎಳೆದು ತೋರಿಸುತ್ತಿದ್ದರು.
ಬಾಗಿಲು ಅರ್ಧ ತೆರೆದಿತ್ತು, ಕೇಳಿಸಿತು:
'ಬಲ ಹಾಕಬೇಡ ಮರಿ.
ಎಲುಬೇ ದಾರಿ ಹೇಳುತ್ತೆ.'

ಪಕ್ಕದಲ್ಲಿ ಆಗ್ನೆ, ಲೆಕ್ಕಶಾಸ್ತ್ರದ ಎರಡನೇ ವರ್ಷ,
ಅವಳ ಇಪ್ಪತ್ತು ನಿಮಿಷ ಎರಡು ಸಲ ಮುಂದಕ್ಕೆ ಹೋಗಿತ್ತು.
ಲಿಥುವೇನಿಯಾದಿಂದ ಬಂದ ತಾಯಿ ರಾತ್ರಿಪಾಳಿಯಲ್ಲಿ ಮೀನು ಡಬ್ಬಿಗೆ ತುಂಬುತ್ತಾಳೆ,
ಮಗಳ ಕೈಗೆ ಆ ವಾಸನೆ ಹತ್ತಬಾರದೆಂದು.
ಅವಳು ರೀಸ್‌ನನ್ನು ಕೇಳಿದಳು, ನಾಯಿಯ ಹೆಸರೇನು.
ಎಪ್ಪತ್ತೆರಡರಲ್ಲಿ ಆ ಪ್ರಶ್ನೆ ಇರಲಿಲ್ಲ.
ನಾನೂ ಕೇಳಿರಲಿಲ್ಲ.

ಪಶುವೈದ್ಯರಲ್ಲಿ ಶನಿವಾರ ಗೂಡು ತೊಳೆಯಲು ಜನ ಬೇಕಂತೆ,
ಅವಳೂ ಅಲ್ಲಿಗೆ ಹೋಗುತ್ತಾಳಂತೆ.
ಅವನು ಎರಡು ಶನಿವಾರ ಹೋದ.
ಮೂರನೆಯದು ತಿಳಿಯಲಿಲ್ಲ.

ಫಲಿತಾಂಶದ ಕಾಲಂನಲ್ಲಿ ಮೂರೇ ಚೌಕ:
ಕೆಲಸ. ತರಬೇತಿ. ಸಂಪರ್ಕಕ್ಕೆ ಸಿಕ್ಕಿಲ್ಲ.
ಪೆನ್ನು ಹಿಡಿದು ಕೂತಿದ್ದೆ, ಚಹಾ ಆರಿತು.

ಅರವತ್ತೊಂದನೇ ಪುಟ ಹೇಳುತ್ತದೆ:
ಕಾಯುವ ಅವಧಿ ಸೊನ್ನೆಗೆ ಇಳಿಯಬೇಕು.
ಕಾಯುವುದಿಲ್ಲವೆಂದ ಮೇಲೆ ಕುರ್ಚಿ ಯಾಕೆ?
ಏಪ್ರಿಲ್ ಒಂದಕ್ಕೆ ಲಾರಿ ಬರುತ್ತದೆ.

ಕಾಲು ಗಿಡ್ಡವಾದ್ದನ್ನು ನಾನು ಕೇಳಿ ಇಟ್ಟುಕೊಂಡಿದ್ದೇನೆ,
ಕರಪತ್ರದ ಸಮೇತ.
ಸಂಜೆಯ ಬಸ್ಸಿನಲ್ಲಿ ಮನೆಗೊಯ್ಯಬೇಕು.
ಟಿಕೆಟ್ಟು ಬೇಕೆನ್ನುತ್ತಾನೋ ಏನೋ ಡ್ರೈವರು,
ಅದಕ್ಕೂ.